ಒಂದೇ ಮನೆಯ ಕಾಗದ, ನಾಲ್ಕು ಜನರ ಕಣ್ಣು

ಕಾರವಾರದ ಬಳಿ, ಕಾಳಿ ನದಿಯಾಚೆ ಸದಾಶಿವಗಡದ ಕಡೆ ಮನೆ ಕೊಳ್ಳುತ್ತಿದ್ದೇನೆಂದು ಹೇಳಿದ ದಿನದಿಂದ ನನಗೆ ಸಿಕ್ಕ ಪುಕ್ಕಟೆ ಸಲಹೆ ಎರಡೇ ಬಗೆಯದು. ಖರೀದಿ ಪತ್ರ ಬರೆದುಕೊಡುವ ಬಾಂಡ್ ರೈಟರ್ ಇರುವಾಗ ವಕೀಲರು ಯಾಕೆ ಎನ್ನುವುದು ಒಂದು. ಬ್ಯಾಂಕು ಸಾಲ ಕೊಟ್ಟಿತೆಂದರೆ ಕಾಗದ ಸರಿಯಿದೆ ಎಂದೇ ಲೆಕ್ಕ ಎನ್ನುವುದು ಇನ್ನೊಂದು. ನಾನು ಶಿರಸಿಯವನು, ಹಿಸ್ಸೆ (ಆಸ್ತಿ ಪಾಲು) ಜಗಳ ನೋಡುತ್ತಲೇ ಬೆಳೆದವನಿಗೆ ಯಾರ ಮಾತೂ ಪೂರ್ತಿ ನಂಬಿಕೆಯಾಗುವುದಿಲ್ಲ. ಕಡತವನ್ನು ನಾಲ್ಕು ಪ್ರತಿ ಜೆರಾಕ್ಸ್ ಮಾಡಿಸಿ ನಾಲ್ಕೂ ದಾರಿ ಹಿಡಿದೆ: ನಾನೇ ಹುಡುಕುವುದು, ಬಾಂಡ್ ರೈಟರ್, ವಕೀಲರು, ಬ್ಯಾಂಕು. ಅದೇ ವರ್ಷ ಊರಿನ ಮನೆ, ತೋಟದಲ್ಲಿದ್ದ ನನ್ನ ಪಾಲನ್ನು ಮಾರಿದ್ದರಿಂದ ಮಾರುವವನ ಕುರ್ಚಿಯಲ್ಲೂ ಕುಳಿತು ನೋಡಿದಂತಾಯಿತು.

ಮೊದಲು ನನ್ನ ಸ್ವಂತ ಪಾಂಡಿತ್ಯದ ಕಥೆ. ಎಲ್ಲರೂ ಇ.ಸಿ. ಎನ್ನುವ ಋಣಭಾರ ಪತ್ರಕ್ಕೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ಅರ್ಜಿ ಹಾಕಬಹುದು, ಖರ್ಚೂ ಅಲ್ಪ. ನನಗೆ ಬಂದದ್ದು ನಮೂನೆ 16, ಅಂದರೆ ಕೇಳಿದ ಅವಧಿಯಲ್ಲಿ ಯಾವ ವಹಿವಾಟೂ ನೋಂದಣಿಯಾಗಿಲ್ಲ. ಹೆಂಡತಿಗೆ ತೋರಿಸಿ ಬೀಗಿದೆ. ಎರಡು ದಿನ ಕಳೆದ ಮೇಲೆ ಅವಳೇ ಕೇಳಿದಳು: "ಮಾರುವವರ ಅಪ್ಪ ಜಾಗ ಕೊಂಡದ್ದು 2009ರಲ್ಲಿ ಎಂದಿರಲ್ಲ, ಆ ಖರೀದಿ ಎಲ್ಲಿ ಹೋಯಿತು?" ಆಗ ತಲೆಗೆ ಹೊಳೆಯಿತು. ನಾನು ಹುಡುಕಿದ್ದು ಪೋಡಿಯಾದ, ಅಂದರೆ ಸರ್ವೆ ನಂಬರು ಭಾಗವಾದ ಮೇಲೆ ಬಂದ ಹೊಸ ಹಿಸ್ಸಾ ನಂಬರಿನಲ್ಲಿ. ಖರೀದಿ ಪತ್ರದಲ್ಲಿದ್ದದ್ದು ಹಳೆಯ ಸರ್ವೆ ನಂಬರು. ಹಳೆಯದನ್ನು ಕೊಟ್ಟಾಗ ನಮೂನೆ 15 ಬಂತು. ಅದರಲ್ಲಿ ಖರೀದಿಯ ಜೊತೆಗೆ ಒಂದು ಅಡಮಾನವೂ ಅದರ ಬಿಡುಗಡೆಯೂ ಸಾಲಾಗಿ ಕುಳಿತಿದ್ದವು. ಏನೂ ಇಲ್ಲ ಎನ್ನುವ ಇ.ಸಿ.ಯನ್ನು ಕಂಡರೆ ನನಗೆ ಈಗಲೂ ಎದೆ ಹಾರುತ್ತದೆ.

ಕಂಪ್ಯೂಟರಿಗೆ ಏರಿದ್ದು ಸುಮಾರು 2004ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಹಳೆಯ ಪುಸ್ತಕಗಳನ್ನೇ ಹುಡುಕಿಸಬೇಕು. ಇ.ಸಿ.ಗೆ ಗೊತ್ತಿರುವುದು ನೋಂದಣಿಯಾದ ಪತ್ರ ಮಾತ್ರ. ಬಾಯಿಮಾತಿನ ವಾಟ್ನಿ (ಆಸ್ತಿ ವಿಭಾಗ), ನೋಂದಣಿಯಾಗದ ಮರಣಪತ್ರ, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಇವು ಯಾವುವೂ ಅದರ ಕಣ್ಣಿಗೆ ಬೀಳುವುದಿಲ್ಲ. ದಾವೆ ಇದೆಯೇ ಎಂದು ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ನೋಡಿದೆ. ಒಂದೇ ಹೆಸರಿನವರು ಹತ್ತು ಜನ ಸಿಕ್ಕರು, ಯಾರು ಯಾರೆಂದು ತಿಳಿಯಲಿಲ್ಲ. ಆದರೆ ನನ್ನ ಶಿರಸಿಯ ಪಾಲು ಮಾರುವಾಗ ಈ ಸ್ವಂತ ಹುಡುಕಾಟವೇ ಹೆಚ್ಚು ಕೆಲಸಕ್ಕೆ ಬಂತು. ಪಹಣಿಯ 11ನೇ ಕಾಲಂನಲ್ಲಿ ಅಪ್ಪನ ಕಾಲದ ಬೆಳೆಸಾಲದ ಬೋಜಾ, ಅಂದರೆ ಋಣದ ನಮೂದು, ಹಾಗೆಯೇ ಉಳಿದಿತ್ತು. ಸಾಲ ತೀರಿ ವರ್ಷಗಳಾಗಿದ್ದರೂ ಅದನ್ನು ತೆಗೆಸಿರಲಿಲ್ಲ. ಕೊಳ್ಳುವವರು ನೋಡಿ ಹುಬ್ಬೇರಿಸುವ ಮೊದಲೇ ನಾನು ತೆಗೆಸಿದೆ.

ಇನ್ನು ಬಾಂಡ್ ರೈಟರ್. ಇವರ ಬಗ್ಗೆ ನನಗಿದ್ದ ತಾತ್ಸಾರ ಅರ್ಧ ಗಂಟೆಯಲ್ಲಿ ಇಳಿಯಿತು. ಮೋಟು ಪೆನ್ಸಿಲು ಹಿಡಿದು ಹಳೆಯ ಪತ್ರದ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯನ್ನು, ಮಂತ್ರ ಹೇಳುವವರ ಹಾಗೆ ಓದಿಕೊಂಡು ಹೋದರು: ಪೂರ್ವಕ್ಕೆ ರಸ್ತೆ, ದಕ್ಷಿಣಕ್ಕೆ ಅದೇ ಸರ್ವೆ ನಂಬರಿನ ಉಳಿದ ಭಾಗ, ಪಶ್ಚಿಮಕ್ಕೆ ಸರಕಾರಿ ಹಳ್ಳ. ಪೆನ್ಸಿಲು ಅಲ್ಲಿಯೇ ನಿಂತಿತು. "ಹಳ್ಳ ಎಲ್ಲಿದೆ ಮಾರಾಯರೇ?" ಎಂದು ಕೇಳಿದರು. ನಾನು ಆ ಜಾಗವನ್ನು ಮೂರು ಸಲ ನೋಡಿ ಬಂದವನು. ಪಶ್ಚಿಮಕ್ಕೆ ನಾನು ಕಂಡದ್ದು ಚಿರೇಕಲ್ಲಿನ ಪಾಗಾರ, ಅದರಾಚೆ ನೆರೆಮನೆಯ ತೆಂಗು. ಸಂಜೆ ಹೋಗಿ ನೋಡಿದರೆ ಹಳ್ಳ ಪಾಗಾರದ ಒಳಗೇ ಇತ್ತು! ಮೇಲೆ ಕಾಂಕ್ರೀಟ್ ಹಲಗೆ ಮುಚ್ಚಿ, ಅದರ ಮೇಲೆ ಬಟ್ಟೆ ಒಗೆಯುವ ಕಲ್ಲು ಇಟ್ಟಿದ್ದರು. ನನಗೆ ಮಾರಲು ಹೊರಟಿದ್ದ ಐದು ಗುಂಟೆಯಲ್ಲಿ ಸರಕಾರದ ಹಳ್ಳವೂ ಸೇರಿತ್ತು ಎಂದಾಯಿತು. ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಕೊಡಿಸಿ ಅಳತೆ ಮಾಡಿಸಿದಾಗ ಜಾಗ ನಾಲ್ಕೂಕಾಲು ಗುಂಟೆಗೆ ಇಳಿಯಿತು, ಬೆಲೆಯೂ ಇಳಿಯಿತು. ಈ ಹಳ್ಳವನ್ನು ನಾನೂ ಕಾಣಲಿಲ್ಲ, ವಕೀಲರೂ ಕಾಣಲಿಲ್ಲ. ಅವರು ತಮ್ಮ ಅಭಿಪ್ರಾಯದಲ್ಲಿ ಚಕ್ಕುಬಂದಿಯನ್ನು ಹಳೆಯ ಪತ್ರದಿಂದ ಹಾಗೆಯೇ ಇಳಿಸಿದ್ದರು.

ಆದರೆ ಅದೇ ಬಾಂಡ್ ರೈಟರ್ ವಾರಸುದಾರರ ವಿಷಯ ಬಂದಾಗ ಬಹಳ ಸಲೀಸು. ಜಾಗ ಕೊಂಡ ತಂದೆ ತೀರಿಕೊಂಡಿದ್ದರು. ಪಂಚಾಯಿತಿಯ ಆಸ್ತಿ ತೆರಿಗೆ ದಾಖಲೆಗಳಾದ ನಮೂನೆ 9 ಮತ್ತು 11ರಲ್ಲಿ ತಾಯಿ, ಇಬ್ಬರು ಗಂಡುಮಕ್ಕಳ ಹೆಸರು ಮಾತ್ರ ಇದ್ದವು. ಮಡಗಾಂವದಲ್ಲಿ ಒಬ್ಬ ಮಗಳಿದ್ದಾಳೆ ಎಂದು ಮಾತಿನ ನಡುವೆ ಗೊತ್ತಾಯಿತು. "ಮದುವೆಯಾಗಿ ಹೋದವರು, ಒಪ್ಪಿಗೆ ಇದೆ ಎಂದು ಒಂದು ಸಾಲು ಸೇರಿಸಿದರಾಯಿತು" ಎಂದರು. ಶಿರಸಿಯಲ್ಲಿ ನನ್ನ ಪಾಲಿನ ಕರಡು ಬರೆದವರೂ ಹೀಗೆಯೇ. ಸೊಪ್ಪಿನ ಬೆಟ್ಟವನ್ನು ನನ್ನ ಸ್ವಂತ ಆಸ್ತಿ ಎಂಬಂತೆ ಎಕರೆ ಸಹಿತ ಮಾರಿಬಿಟ್ಟಿದ್ದರು. ಬೆಟ್ಟ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಇರುವ ಸವಲತ್ತು. ಅದು ನನ್ನ ಮಾಲ್ಕಿ ಅಲ್ಲ. ಆ ಸಾಲು ಹೊಡೆದುಹಾಕಿದ್ದು ವಕೀಲರು.

ವಕೀಲರು ಕಾರವಾರದವರು. ಶುಲ್ಕ 10,000 ರೂಪಾಯಿ. ಮೊದಲ ದಿನ ಕಡತವನ್ನು ಬಿಚ್ಚಲೂ ಇಲ್ಲ. ವಂಶವೃಕ್ಷ ತನ್ನಿ, ಮರಣ ಪ್ರಮಾಣಪತ್ರ ತನ್ನಿ ಎಂದು ಕಳುಹಿಸಿದರು. ಎರಡನ್ನೂ ನೋಡಿ ಹೇಳಿದ್ದು ಇಷ್ಟು: ತಂದೆ ಸ್ವಂತ ದುಡಿದು ಕೊಂಡ ಜಾಗ, ಮರಣಪತ್ರ ಬರೆದಿಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಹೆಂಡತಿಗೂ ಮಗಳಿಗೂ ಗಂಡುಮಕ್ಕಳಿಗೂ ಸಮಪಾಲು. ಪಿತ್ರಾರ್ಜಿತವಾಗಿದ್ದರೂ ಮಗಳು ಬಿಟ್ಟುಹೋಗುತ್ತಿರಲಿಲ್ಲ. 2005ರ ತಿದ್ದುಪಡಿ ಆಕೆಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಾಗಿದ್ದರೆ ಪಂಚಾಯಿತಿಯ ಕಾಗದದಲ್ಲಿ ಹೆಸರಿಲ್ಲದಿರುವುದು? ಅದು ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂಬುದರ ಲೆಕ್ಕ, ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಕೊಲ್ಲುವುದೂ ಇಲ್ಲ ಎಂದರು. ಹಕ್ಕು ಬಿಡುಗಡೆ ಪತ್ರ ಮಾಡಿಸಿದರೆ ಅದನ್ನೂ ನೋಂದಣಿ ಮಾಡಿಸಬೇಕು. ಅದಕ್ಕಿಂತ ಆ ಮಗಳನ್ನೇ ಖರೀದಿ ಪತ್ರದಲ್ಲಿ ಮಾರುವವರ ಸಾಲಿಗೆ ಸೇರಿಸಿ ಎಂದು ದಾರಿ ತೋರಿದರು.

ಮುಂಬಯಿಯಲ್ಲಿರುವ ಹಿರಿಯ ಮಗ ತಮ್ಮನಿಗೆ ತನ್ನ ಪರವಾಗಿ ವ್ಯವಹರಿಸಲು ಮುಖ್ತಿಯಾರ ಪತ್ರ ಬರೆದುಕೊಟ್ಟಿದ್ದ. ಅದನ್ನು ಹಿಡಿದು ತಮ್ಮ ಸಹಿ ಹಾಕಬಹುದು. ಆದರೆ ಬರೆದುಕೊಟ್ಟವನು ಸಹಿಯ ದಿನ ಬದುಕಿರಬೇಕು, ಪತ್ರವನ್ನು ರದ್ದು ಮಾಡಿರಬಾರದು. ವಕೀಲರು ನನ್ನ ಮೊಬೈಲಿನಿಂದಲೇ ಅಣ್ಣನಿಗೆ ವಿಡಿಯೊ ಕರೆ ಮಾಡಿಸಿ ಮುಖ ನೋಡಿದರು. ಬರೀ ಮುಖ್ತಿಯಾರ ಪತ್ರ, ಕರಾರು ಪತ್ರಗಳ ಮೇಲೆಯೇ ಮನೆ 'ಕೊಂಡವರು' ನಮ್ಮ ಕಡೆ ಈಗಲೂ ಇದ್ದಾರೆ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಇಷ್ಟರಲ್ಲಿ ನಾನು ಬಾಯಿಮಾತಿನ ಮೇಲೆ ಒಂದು ಲಕ್ಷ ಸಂಚಕಾರ (ಮುಂಗಡ) ಕೊಟ್ಟಾಗಿತ್ತು. ಅದಕ್ಕೆ ಬೈಸಿಕೊಂಡೆ, ಕರಾರು ಬರೆಸಿಕೊಂಡೆ. ಕರಾರಿನಲ್ಲಿ ಖರೀದಿಗೆ ದಿನ ಗೊತ್ತು ಮಾಡಿದ್ದರೆ, ಎದುರು ಪಕ್ಷ ತಪ್ಪಿದಾಗ ಆ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು ಎಂಬುದೂ ಆಗ ತಿಳಿಯಿತು.

ವಕೀಲರ ಈ ಎಚ್ಚರಿಕೆ ನನಗೆ ದುಬಾರಿಯೂ ಆಯಿತು. ಮಡಗಾಂವದ ಮಗಳು ಒಪ್ಪಿ ಬರುವಷ್ಟರಲ್ಲಿ 2025ರ ಆಗಸ್ಟ್ 31 ದಾಟಿತ್ತು, ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತ್ತು. 42 ಲಕ್ಷದ ವ್ಯವಹಾರದಲ್ಲಿ ಹೆಚ್ಚುವರಿ 42,000 ರೂಪಾಯಿ ಹೋಯಿತು. ಆದರೂ ಯಾರಿಗಾದರೂ ಹೇಳುವುದಾದರೆ, ವಕೀಲರ ಮೊದಲ ಭೇಟಿ ಸಂಚಕಾರ ಕೊಡುವುದಕ್ಕೂ ಮೊದಲು ಆಗಲಿ ಎನ್ನುತ್ತೇನೆ.

ಬ್ಯಾಂಕಿನದು ಬೇಗ ಮುಗಿಯುವ ಮಾತು. ಅವರ ವಕೀಲರೂ ಕಾಗದ ನೋಡುತ್ತಾರೆ. ಆದರೆ ಅವರಿಗಿರುವ ಚಿಂತೆ ಸಾಲ ತೀರದಿದ್ದರೆ ಈ ಮನೆ ಮಾರಿ ಹಣ ಎತ್ತಬಹುದೇ ಎಂಬುದು. ಮಗಳ ವಿಷಯಕ್ಕೆ ಒಂದು ಅಫಿಡವಿಟ್ ಸಾಕೆಂದರು. ಶುಲ್ಕ ಕಟ್ಟಿದವನು ನಾನು. ವರದಿ ಕೇಳಿದರೆ ಅದು ಒಳಗಿನ ಕಾಗದ ಎಂದುಬಿಟ್ಟರು. ಅವರು ಕಳುಹಿಸಿದ ಎಂಜಿನಿಯರ್ ಮಾತ್ರ ಟೇಪು ಹಿಡಿದು ಅಳೆದು, ಹಿಂದಿನ ಕೋಣೆ ಪಂಚಾಯಿತಿಯ ಪರವಾನಗಿಯಲ್ಲಿ ಇಲ್ಲವೆಂದು ಬರೆದರು. ಅದನ್ನು ಉಳಿದ ಮೂವರಲ್ಲಿ ಯಾರೂ ಕೇಳಿರಲಿಲ್ಲ.

ಇನ್ನೂ ಒಂದನ್ನು ಈ ನಾಲ್ವರಲ್ಲಿ ಯಾರೂ ಕೇಳಲಿಲ್ಲ. ಪಕ್ಕದ ಮನೆಯ ಅಜ್ಜಿ, ಮೀನು ಮಾರಿ ಬುಟ್ಟಿ ಇಳಿಸಿದವರು, ಕೊಂಕಣಿಯಲ್ಲಿ ಹೇಳಿದ್ದು: ಹುಣ್ಣಿಮೆಯ ಉಬ್ಬರಕ್ಕೆ ಹಳ್ಳದಲ್ಲಿ ನೀರು ಹಿಂದಕ್ಕೆ ಬರುತ್ತದೆ, ಏಪ್ರಿಲ್ ಹೊತ್ತಿಗೆ ಬಾವಿ ಉಪ್ಪಾಗುತ್ತದೆ. ಉಬ್ಬರದ ನೀರು ಬರುವ ಕಡೆಯೆಲ್ಲ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ಪ್ರಶ್ನೆ ಏಳುತ್ತದೆ. 2019ರ ಅಧಿಸೂಚನೆಯಲ್ಲಿ ಇಂಥ ಹೊಳೆಗಳಿಗೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ಈ ವಲಯ. ವಕೀಲರಿಗೆ ಫೋನ್ ಮಾಡಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಮನೆ ಇದ್ದದ್ದು ಇರಲಿ, ಮಹಡಿ ಎತ್ತುವ ಆಸೆ ಇದ್ದರೆ ಮೊದಲು ನಕ್ಷೆ ನೋಡೋಣ" ಎಂದರು. ನಕ್ಷೆ ನೋಡಿಸಿದೆವು, ಮನೆ ವಲಯದ ಗೆರೆಯ ಹೊರಗೆ ಬಿತ್ತು, ಬಾವಿ ಒಳಗೆ.

ಖರೀದಿಯ ದಿನ ತಾಯಿ, ಕಿರಿಯ ಮಗ, ಮಡಗಾಂವದ ಮಗಳು ಮೂವರೂ ಬಂದಿದ್ದರು. ಬೆರಳಚ್ಚು, ಫೋಟೊ ಮುಗಿದ ಮೇಲೆ ಮಗಳು ತಮ್ಮನ ಕಡೆ ತಿರುಗಿ, ಒಗೆಯುವ ಕಲ್ಲು ಅಪ್ಪ ತಂದದ್ದು, ಅದನ್ನು ನಾನು ಒಯ್ಯುತ್ತೇನೆ ಎಂದಳು. ಕರಾರಿನಲ್ಲಿ ಅದು ಇರಲಿಲ್ಲ. ಹೇಗೂ ಹಳ್ಳದ ಮೇಲಿನ ಹಲಗೆಯನ್ನು ತೆಗೆಸಬೇಕಿತ್ತು. ಮರುವಾರ ಟೆಂಪೊ ತಂದು ಒಯ್ದರು.