ಜೆಂಡರ್ ವ್ಯಾಖ್ಯೆ: ರೋಮ್ ಶಾಸನವೋ, ಇಸ್ತಾಂಬುಲ್ ಒಪ್ಪಂದವೋ?

ಮೂಟ್ ಕೋರ್ಟಿಗೋ (ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ), ಸಂಸ್ಥೆಯ ನೀತಿಗೋ 'ಜೆಂಡರ್' ವ್ಯಾಖ್ಯೆ ಬೇಕಿದ್ದರೆ ಮೊದಲು ರೋಮ್ ಶಾಸನ, ಇಸ್ತಾಂಬುಲ್ ಒಪ್ಪಂದ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ರೋಮ್ ಶಾಸನ ಅಂದರೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ 1998ರ ಒಪ್ಪಂದ. ಅದರ 7(3)ನೇ ವಿಧಿಯ ಪ್ರಕಾರ ಜೆಂಡರ್ ಎಂದರೆ ಸಮಾಜದ ಸಂದರ್ಭದಲ್ಲಿ ಗಂಡು, ಹೆಣ್ಣು ಎಂಬ ಎರಡು ಲಿಂಗ. ಬೇರೆ ಅರ್ಥವಿಲ್ಲ ಎಂದೂ ಅದು ಸೇರಿಸುತ್ತದೆ. ಇದು ರಾಜಿಯ ಫಲ. ವ್ಯಾಟಿಕನ್ ಮತ್ತು ಕೆಲವು ಅರಬ್ ದೇಶಗಳು ಈ ಪದವನ್ನು ವಿರೋಧಿಸಿದವು, ಮಹಿಳಾ ಸಂಘಟನೆಗಳು ಬಿಟ್ಟುಕೊಡಲಿಲ್ಲ. ಹಾಗಾಗಿ 'ಎರಡು ಲಿಂಗ'ವೂ ಉಳಿಯಿತು, 'ಸಮಾಜದ ಸಂದರ್ಭ'ವೂ ಉಳಿಯಿತು. ಎರಡನೆಯದನ್ನು ಹಿಡಿದು ಆ ನ್ಯಾಯಾಲಯದ ಪ್ರಾಸಿಕ್ಯೂಟರ್ ಕಚೇರಿ 2014ರಲ್ಲಿ ಸಮಾಜ ಹೇರುವ ಪಾತ್ರಗಳನ್ನೂ ಒಳಗೆ ತಂದಿತು. 2019ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಮಾನವೀಯತೆ ವಿರುದ್ಧದ ಅಪರಾಧಗಳ ತನ್ನ ಕರಡಿನಿಂದ ಈ ವ್ಯಾಖ್ಯೆಯನ್ನೇ ಕೈಬಿಟ್ಟಿತು. ಸರಿಯಾಗಿಯೇ ಮಾಡಿತು ಎಂದು ನನ್ನ ಅಭಿಪ್ರಾಯ.

ಮಹಿಳೆಯರ ಮೇಲಿನ ಹಿಂಸೆ ತಡೆಯಲು ಕೌನ್ಸಿಲ್ ಆಫ್ ಯುರೋಪ್ ತಂದ 2011ರ ಇಸ್ತಾಂಬುಲ್ ಒಪ್ಪಂದ ನೇರವಾಗಿದೆ. ಹೆಣ್ಣಿಗೆ, ಗಂಡಿಗೆ ತಕ್ಕದ್ದು ಎಂದು ಸಮಾಜ ಕಟ್ಟಿದ ಪಾತ್ರ, ನಡತೆ, ಚಟುವಟಿಕೆ, ಗುಣಗಳೇ ಜೆಂಡರ್. ಈ ನೇರ ಮಾತಿಗೇ ಜಾಸ್ತಿ ಪೆಟ್ಟು ಬಿತ್ತು. 2018ರಲ್ಲಿ ಬಲ್ಗೇರಿಯಾದ ಸಾಂವಿಧಾನಿಕ ನ್ಯಾಯಾಲಯ ಇದು ತನ್ನ ಸಂವಿಧಾನಕ್ಕೆ ಹೊಂದದು ಎಂದಿತು. ಹೊಡೆತ ತಿನ್ನುವ ಹೆಂಗಸರನ್ನು ಕಾಯುವ ಒಪ್ಪಂದ ಪದದ ಜಗಳದಲ್ಲಿ ಸಿಕ್ಕಿಕೊಂಡಿದ್ದು ನೋವಿನ ಸಂಗತಿ ಅಲ್ವಾ?

ಯುದ್ಧಾಪರಾಧದಂಥ ಮೊಕದ್ದಮೆಯ ವಾದವಾದರೆ ರೋಮ್ ಶಾಸನ ಬಿಡುವಂತಿಲ್ಲ. ಮನೆಯೊಳಗಿನ ಹಿಂಸೆ, ಕೆಲಸದ ಜಾಗದ ನೀತಿ ಅಂದರೆ ಇಸ್ತಾಂಬುಲ್ ಆರಿಸಿ. ಭಾರತ ಎರಡಕ್ಕೂ ಸಹಿ ಹಾಕಿಲ್ಲ. ಇಲ್ಲಿನ ಕೋರ್ಟಿಗಾದರೆ ತೃತೀಯ ಲಿಂಗಿಗಳ ಹಕ್ಕನ್ನು ಒಪ್ಪಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪನ್ನು ಮುಂದಿಡಿ. ಅದು ಲೈಂಗಿಕತೆ ಮತ್ತು ಲಿಂಗ ಗುರುತಿನ ಹಕ್ಕುಗಳ ಕುರಿತು ಅಂತರರಾಷ್ಟ್ರೀಯ ತಜ್ಞರು ರೂಪಿಸಿದ ಯೋಗ್ಯಕರ್ತಾ ತತ್ವಗಳನ್ನೂ ಬಳಸಿಕೊಂಡಿದೆ.