ಸ್ಟಟ್‌ಗಾರ್ಟ್‌ನ ಸಂಜೆಗಳು: ಟೂರ್ ಬಸ್ಸೋ, ಹಲ್ಲಿನ ರೈಲೋ, ಮೆಟ್ಟಿಲೋ?

ಕೆಲಸದ ಮೇಲೆ ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಮೂರು ಸಲ ಹೋಗಿ ಬಂದಿದ್ದೇನೆ. ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಗಳಲ್ಲಿ ಇರುವವರಿಗೆ ಈ ಊರೇನೂ ಹೊಸದಲ್ಲ. ಆದರೆ ಅಲ್ಲಿ ಏನು ನೋಡಿದಿರಿ ಎಂದು ಕೇಳಿ ನೋಡಿ. ಎರಡು ಕಾರ್ ಮ್ಯೂಸಿಯಂ, ಇಂಡಿಯನ್ ಹೋಟೆಲ್ ಊಟ, ಮುಗಿಯಿತು. ತಪ್ಪು ಅವರದ್ದಲ್ಲ. ಎರಡೂ ಮ್ಯೂಸಿಯಂ ಸಂಜೆ 6ಕ್ಕೆ ಬಾಗಿಲು ಹಾಕುತ್ತವೆ. ನಮ್ಮ ಮೀಟಿಂಗ್ ಮುಗಿಯುವುದೂ ಹೆಚ್ಚುಕಡಿಮೆ ಆಗಲೇ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಉಳಿದ ಚೂರುಪಾರು ಸಮಯದಲ್ಲಿ ಊರು ನೋಡಲು ನಾನು ಮೂರು ದಾರಿ ಹಿಡಿದೆ. ಮೂರಕ್ಕೂ ಒಂದೇ ಮಾರ್ಕ್ಸ್ ಕೊಡಲಾರೆ.

ಮೊದಲ ಟ್ರಿಪ್‌ನಲ್ಲಿ ಹತ್ತಿದ್ದು ಟೂರ್ ಬಸ್. ಬೇಕಾದಲ್ಲಿ ಇಳಿ, ಬೇಕಾದಾಗ ಹತ್ತು ಅನ್ನುವ ಥರದ್ದು. ಶನಿವಾರ, ಜೆಟ್‌ಲ್ಯಾಗ್ ಬೇರೆ. ಮೇಲಿನ ಡೆಕ್‌ನಲ್ಲಿ ಕೂತು ಇಯರ್‌ಫೋನ್ ಸಿಕ್ಕಿಸಿದರೆ ಎಡಗಿವಿಯಲ್ಲಿ ಸ್ಪ್ಯಾನಿಷ್, ಬಲಗಿವಿಯಲ್ಲಿ ಬರೀ ಕೊರಕೊರ. ಸೀಟು ಬದಲಾಯಿಸಿದೆ, ಅಲ್ಲೂ ಅದೇ ಕಥೆ. ಆದರೂ ಒಂದು ಉಪಕಾರ ಆಯಿತು. ಊರಿನ ಆಕಾರ ತಲೆಗೆ ಹತ್ತಿತು. ಸುತ್ತ ಗುಡ್ಡ, ನಡುವೆ ತಗ್ಗಿನಲ್ಲಿ ಊರು. ಅಲ್ಲಿಯವರೇ ಅದನ್ನು ಕೆಸೆಲ್ ಎನ್ನುತ್ತಾರೆ, ಅಂದರೆ ಹಂಡೆ. ಆದರೆ ಬಸ್ಸಿಗೆ ಅಗಲವಾದ ರಸ್ತೆಯೇ ಬೇಕು. ಜನ ಬದುಕುವುದು ಹಂಡೆಯ ಅಂಚಿನಲ್ಲಿ, ಕಡಿದಾದ ಓಣಿಗಳಲ್ಲಿ. ಅಲ್ಲಿಗೆ ಅದು ಮೂಗು ತೂರಿಸಲ್ಲ. ಸಂಜೆಗೆ ಸರ್ವಿಸ್ ಕೂಡ ಮುಗಿದಿರುತ್ತದೆ.

ಎರಡನೇದು ತ್ಸಕೆ ಎನ್ನುವ ಹಲ್ಲಿನ ರೈಲು. ಹೆಸರಿನ ಅರ್ಥವೇ ಹಲ್ಲು. ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಇರುತ್ತದೆ. ರೈಲಿನ ಹೊಟ್ಟೆಯಲ್ಲಿರುವ ಗಿಯರ್ ಚಕ್ರ ಅದನ್ನು ಕಚ್ಚಿ ಹಿಡಿದು ಮೇಲೇರುತ್ತದೆ. 1884ರಿಂದ ಓಡುತ್ತಿರುವ ಈ ರೈಲು ಪ್ರವಾಸಿಗಳ ಆಟಿಕೆಯಲ್ಲ. 10ನೇ ನಂಬರಿನ ಮಾಮೂಲಿ ಲೈನ್, ಮಾಮೂಲಿ ಟಿಕೆಟ್ಟೇ ಸಾಕು. ಮರೀನ್‌ಪ್ಲಾಟ್ಸ್‌ನಿಂದ ಡೇಗರ್‌ಲೋಖ್‌ಗೆ 2.2 ಕಿ.ಮೀ. ದೂರ, ಅಷ್ಟರಲ್ಲೇ 200 ಮೀಟರ್‌ಗೂ ಜಾಸ್ತಿ ಎತ್ತರ. ನಾನು ಹತ್ತಿದ್ದು ಜೂನ್‌ನ ಒಂದು ಮಂಗಳವಾರ, ಆಫೀಸ್ ಬಿಟ್ಟ ಮೇಲೆ, ಲ್ಯಾಪ್‌ಟಾಪ್ ಬ್ಯಾಗ್ ಹೆಗಲಲ್ಲೇ. ಎದುರು ಸೀಟಿನಲ್ಲಿ ಈರುಳ್ಳಿ ಹೂವಿನ ಕಟ್ಟು ಹಿಡಿದ ಹೆಂಗಸು, ಪಕ್ಕದಲ್ಲಿ ಹೋಮ್‌ವರ್ಕ್ ಗೀಚುತ್ತಿದ್ದ ಹುಡುಗ. ರೈಲಿನ ಮುಂದೆ ಸೈಕಲ್‌ಗಳಿಗೆಂದೇ ಒಂದು ಪುಟ್ಟ ತೆರೆದ ಗಾಡಿ. ಮೇಲೆ ಹೋಗುವಾಗ ಮಾತ್ರ ಸೈಕಲ್ ಹತ್ತಿಸಿಕೊಳ್ಳುತ್ತಾರೆ. ಇಳಿಯುವಾಗ ತುಳಿದುಕೊಂಡೇ ಹೋಗಬೇಕು. ಸರಿಯಾದ ಲೆಕ್ಕಾಚಾರ, ಅಲ್ವಾ? ವೀಲಾಂಡ್ಸ್‌ಹೋಹೆ ಸ್ಟಾಪ್ ಹತ್ತಿರ ಬಂದಾಗ ಎಲ್ಲರೂ ಫೋನ್‌ನಿಂದ ತಲೆ ಎತ್ತಿದರು. ಕಿಟಕಿಯ ಕೆಳಗೆ ಇಡೀ ಹಂಡೆ, ಅದರ ತುಂಬ ಕೆಂಪು ಛಾವಣಿಗಳು. ದಿನಾ ನೋಡುವವರೂ ಒಮ್ಮೆ ನೋಡಿಕೊಂಡರು. ಟೂರ್ ಬಸ್ಸಿನಲ್ಲಿ ಇದು ಸಿಗಲ್ಲ.

ಇನ್ನೊಂದು ಹಳೇ ಗಾಡಿಯೂ ಇದೆ. 1929ರದ್ದು, ತೇಗದ ಮರದ ಡಬ್ಬಿ, ಹಗ್ಗ ಕಟ್ಟಿ ಎಳೆಯುವ ರೈಲು. ಕಾಡಿನೊಳಗಿನ ಸ್ಮಶಾನಕ್ಕೆ ಹೋಗುತ್ತದೆ. ಆಸ್ತಿಗೆ ಹೊಂಚು ಹಾಕುವವರ ಎಕ್ಸ್‌ಪ್ರೆಸ್ ಎಂದು ಊರವರೇ ಅದಕ್ಕೆ ಅಡ್ಡಹೆಸರಿಟ್ಟಿದ್ದಾರೆ. ಸಂಜೆ ಬೇಗ ನಿಂತುಬಿಡುತ್ತದೆ. ಹಾಗಾಗಿ ನಮ್ಮಂಥವರಿಗೆ ಅದು ಶನಿವಾರಕ್ಕೆ ಮಾತ್ರ.

ಮೂರನೇದು ಮೆಟ್ಟಿಲು. ನನ್ನ ಓಟು ಇದಕ್ಕೇ. ಷ್ಟೆಫೆಲೆ ಎನ್ನುವ ಈ ಮೆಟ್ಟಿಲ ದಾರಿಗಳು ಊರಲ್ಲಿ 400ಕ್ಕೂ ಹೆಚ್ಚಿವೆ. ಹಿಂದೆ ಈ ಗುಡ್ಡಗಳ ತುಂಬ ದ್ರಾಕ್ಷಿ ತೋಟ. ತೋಟದವರು ಹತ್ತಿ ಇಳಿಯಲು ಮಾಡಿಕೊಂಡ ದಾರಿಗಳು ಮನೆಗಳು ಬಂದ ಮೇಲೂ ಉಳಿದವು. ಕಾರ್ಲ್ಸ್‌ಹೋಹೆ ಗುಡ್ಡದಲ್ಲಿ ಈಗಲೂ ದ್ರಾಕ್ಷಿ ಇದೆ, ಅದೂ ಊರ ನಡುವೆ. ತ್ಸಕೆಯಲ್ಲಿ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿಯುವುದು ನಾನು ಕಂಡುಕೊಂಡ ಉಪಾಯ. ಒಂದು ಬದಿ ಗೋಡೆಯ ಮೇಲೆ ಗುಲಾಬಿ, ಇನ್ನೊಂದು ಬದಿ ಯಾರದೋ ಅಡುಗೆಮನೆ ಕಿಟಕಿ. ಎದುರು ಏರಿ ಬರುವ ತಾತಂದಿರು ಏದುಸಿರಲ್ಲೂ 'ಗ್ರೂಸ್ ಗೋಟ್' ಎನ್ನುತ್ತಾರೆ. ದೇವರ ಹೆಸರಲ್ಲಿ ಹೇಳುವ ನಮಸ್ಕಾರ ಅದು. ಕೆಳಗೆ ಪೇಟೆಯಲ್ಲಿ ಯಾರೂ ನನ್ನ ಮುಖ ನೋಡಿರಲಿಲ್ಲ. ಒಂದು ಸಲ ಫಾರ್ಮಲ್ ಶೂನಲ್ಲಿ ಜಾರಿ ಕೂತುಬಿಟ್ಟೆ. ಮಾರನೇ ದಿನ ಪ್ರೆಸೆಂಟೇಶನ್ ನಿಂತುಕೊಂಡೇ ಕೊಟ್ಟೆ.

ಎರಡನೇ ಟ್ರಿಪ್‌ನಲ್ಲಿ ಹೋಟೆಲ್ ಬಿಟ್ಟು ಬಾಡಿಗೆ ಅಪಾರ್ಟ್‌ಮೆಂಟ್ ಹಿಡಿದಿದ್ದೆ. ಒಂದು ಸಂಜೆ ಬಂದು ನೋಡಿದರೆ ಬಾಗಿಲ ಹಿಡಿಗೆ ಪುಟ್ಟ ಮರದ ಹಲಗೆ ನೇತಾಡುತ್ತಿದೆ. 'ಕೇರ್‌ವೊಖೆ' ಎಂದು ಬರೆದಿದೆ. ಯಾರೋ ಬಾಗಿಲು ತಪ್ಪಿ ಹಾಕಿದ್ದಾರೆ ಎಂದುಕೊಂಡು ಎದುರು ಮನೆಯ ಅಜ್ಜಿಗೆ ತೋರಿಸಿದೆ.

"ತಪ್ಪಿಲ್ಲ. ಈ ವಾರ ಮೆಟ್ಟಿಲು ಗುಡಿಸೋದು ನಿಮ್ಮ ಮನೆ ಪಾಳಿ" ಎಂದರು.

"ನಾನು ಎರಡು ವಾರಕ್ಕೆ ಬಂದವನು!"

"ಹಾಗಾದರೆ ಸರಿಯಾದ ವಾರಕ್ಕೇ ಬಂದಿದ್ದೀರಿ" ಎಂದು ಪೊರಕೆ ತಂದು ಕೈಗೆ ಕೊಟ್ಟರು.

ಶನಿವಾರ ಬೆಳಿಗ್ಗೆ ಎರಡು ಮಹಡಿ ಗುಡಿಸಿ ಒರೆಸಿದೆ. ಅಜ್ಜಿ ಬಾಗಿಲಲ್ಲಿ ನಿಂತು ಒಂದು ಮೂಲೆ ತೋರಿಸಿದರು. ಅದನ್ನೂ ಒರೆಸಿದ ಮೇಲೆ ಹಲಗೆ ಕೆಳಗಿನ ಮನೆಯವರ ಬಾಗಿಲಿಗೆ ಹೋಯಿತು. ಹೋಟೆಲ್‌ನಲ್ಲಿ ರೂಮ್ ಸರ್ವಿಸ್ ಇತ್ತು, ತಿಂಡಿ ಇತ್ತು, ಎಲ್ಲ ಸರಿ. ಆ ಊರಿನವರು ಹೇಗೆ ಬದುಕುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಮಾತ್ರ ಈ ಹಲಗೆ ಕಥೆ.

ಊಟದ ವಿಷಯ. ಅಲ್ಲಿನ ಮೌಲ್‌ಟಷೆನ್ ನಮ್ಮ ಕಡುಬಿನ ದೂರದ ನೆಂಟ, ಒಳಗೆ ಮಾಂಸ. ಉಪವಾಸದ ದಿನಗಳಲ್ಲಿ ಸನ್ಯಾಸಿಗಳು ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಟ್ಟು ತಿನ್ನುತ್ತಿದ್ದರಂತೆ. ಅದಕ್ಕೇ ದೇವರಿಗೆ ಟೋಪಿ ಹಾಕುವ ತಿಂಡಿ ಎಂದು ಇನ್ನೊಂದು ಹೆಸರು. ಮೊಟ್ಟೆ ತಿನ್ನುವ ಸಸ್ಯಾಹಾರಿಗಳು ಕೇಸೆಷ್ಪೆಟ್ಸ್ಲೆ ಕೇಳಿ. ಗಿಡ್ಡ ಶಾವಿಗೆ, ಕರಗಿದ ಚೀಸ್, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಹೊಟ್ಟೆ ಭಾರ. ತಿಂದ ಮೇಲೆ ಮೆಟ್ಟಿಲು ಹತ್ತುವ ಮಾತು ಬೇಡ. ಮೊದಲು ಹತ್ತಿ, ಆಮೇಲೆ ತಿನ್ನಿ.

ಇಷ್ಟೆಲ್ಲ ಹೊಗಳಿದ್ದು ಜೂನ್‌ನ ಲೆಕ್ಕದಲ್ಲಿ. ಆಗ ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಮೂರನೇ ಟ್ರಿಪ್ ಬಂದದ್ದು ನವೆಂಬರ್ ಕೊನೆಗೆ. ನಾಲ್ಕೂವರೆಗೆಲ್ಲ ಕತ್ತಲು, ಮೆಟ್ಟಿಲ ಮೇಲೆ ಒದ್ದೆ ಎಲೆ. ಆಗ ಮೆಟ್ಟಿಲು ಸೋತಿತು. ತ್ಸಕೆಯ ಕಿಟಕಿಯಲ್ಲಿ ಕಂಡಿದ್ದೂ ನನ್ನ ಮುಖ ಒಂದೇ. ಆ ಸಂಜೆಗಳನ್ನು ಉಳಿಸಿದ್ದು ಊರಿನ ಲೈಬ್ರರಿ. 2011ರಲ್ಲಿ ತೆರೆದದ್ದು, ಹೊರಗಿನಿಂದ ದೊಡ್ಡ ಡಬ್ಬಿ. ಒಳಗೆ ಹೋದರೆ ಎಲ್ಲ ಬಿಳಿ, ಬಣ್ಣ ಅಂದರೆ ಪುಸ್ತಕದ್ದು ಮಾತ್ರ. ಮಹಡಿಯಿಂದ ಮಹಡಿಗೆ ಅಡ್ಡಡ್ಡ ಹೋಗುವ ಮೆಟ್ಟಿಲು. ಇಲ್ಲೂ ಬಿಡಲಿಲ್ಲ ನೋಡಿ! ರಾತ್ರಿ 9ರವರೆಗೆ ತೆರೆದಿರುತ್ತದೆ, ಒಳಗೆ ಹೋಗಲು ದುಡ್ಡಿಲ್ಲ. ಅಷ್ಟು ಹೊತ್ತಿಗೆ ಕ್ರಿಸ್‌ಮಸ್ ಸಂತೆಯೂ ಶುರುವಾಗಿತ್ತು. 1692ರಷ್ಟು ಹಿಂದಿನ ದಾಖಲೆಯಲ್ಲೇ ಅದರ ಹೆಸರಿದೆಯಂತೆ. ಅಂದವಾಗಿದೆ, ಆದರೆ ನೂಕುನುಗ್ಗಲು. ಅರ್ಧ ಗಂಟೆ ಸಾಕಾಯಿತು.

ನಿಮಗೆ ಒಂದೇ ಸಂಜೆ ಸಿಕ್ಕಿ, ಅದು ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗಿದ್ದರೆ, ಮರೀನ್‌ಪ್ಲಾಟ್ಸ್‌ಗೆ ಹೋಗಿ ತ್ಸಕೆ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಚಳಿಗಾಲವಾದರೆ ಲೈಬ್ರರಿ. ಮಂಡಿ ನೋವು ಇರುವವರಿಗೆ ಶನಿವಾರದ ಟೂರ್ ಬಸ್ ಪರವಾಗಿಲ್ಲ, ನಿಮ್ಮದೇ ಇಯರ್‌ಫೋನ್ ಒಯ್ಯಿರಿ. ಅಪಾರ್ಟ್‌ಮೆಂಟ್ ಹಿಡಿಯುವುದಾದರೆ ಬಾಡಿಗೆ ಕೇಳುವಾಗಲೇ ಮೆಟ್ಟಿಲ ಪಾಳಿ ಯಾರದು ಅಂತಲೂ ಕೇಳಿಬಿಡಿ.