11 ದಿನ ಚಿಗರಿಯನ್ನು ಬಿಟ್ಟುಬಂದ ಜಾಗ: ನಾಯಿಗಳ ವಸತಿಗೃಹವೊಂದರ ವಿಮರ್ಶೆ

ನಮ್ಮ ಚಿಗರಿ ಮುಧೋಳ ತಳಿಯ ಹೆಣ್ಣು ನಾಯಿ. ವಯಸ್ಸು 4 ವರ್ಷ, ತೂಕ 22 ಕಿಲೋಗೆ ತುಸು ಕಡಿಮೆ. ಕಳೆದ ಮಾರ್ಚ್ ತಿಂಗಳಲ್ಲಿ ಮಗಳ ಎರಡನೆಯ ಹೆರಿಗೆಗೆಂದು ನಾವಿಬ್ಬರೂ ಧಾರವಾಡದಿಂದ ಪುಣೆಗೆ ಹೋಗಲೇಬೇಕಾಗಿ ಬಂದಾಗ, 11 ದಿನಗಳ ಮಟ್ಟಿಗೆ ಅವಳನ್ನು ಎಲ್ಲಿ ಬಿಡುವುದೆಂಬುದು ನಿದ್ದೆಗೆಡಿಸುವ ಪ್ರಶ್ನೆಯಾಯಿತು. ರೈಲಿನಲ್ಲಿ ಒಯ್ಯಬೇಕೆಂದರೆ ಮೊದಲ ದರ್ಜೆಯ ಕೂಪೆಯನ್ನೇ ಕಾದಿರಿಸಬೇಕು, ಇಲ್ಲವೇ ಲಗೇಜು ಡಬ್ಬಿಯ ಪೆಟ್ಟಿಗೆಯಲ್ಲಿ ಕೂಡಿಹಾಕಬೇಕು; ಬಿರುಬೇಸಿಗೆಯಲ್ಲಿ ಎರಡನೆಯದಕ್ಕೆ ಮನಸ್ಸು ಒಪ್ಪಲಿಲ್ಲ. ಪಕ್ಕದ ಮನೆಯವರು ಹೊತ್ತುಹೊತ್ತಿಗೆ ಅನ್ನ ನೀರು ಹಾಕುವುದಾಗಿ ಹೇಳಿದರು. ಆದರೆ ಬೀಗ ಹಾಕಿದ ಅಂಗಳದಲ್ಲಿ ಒಂಟಿಯಾಗಿ ಉಳಿಯುವ, ಓಡುವುದಕ್ಕೆಂದೇ ಹುಟ್ಟಿದ ನಾಯಿಗೆ ಅನ್ನ ನೀರಷ್ಟೇ ಸಾಲುವುದಿಲ್ಲ. ಕೊನೆಗೆ ಹುಬ್ಬಳ್ಳಿ-ಧಾರವಾಡದ ಹೊರವಲಯದ ವಸತಿಗೃಹವೊಂದರಲ್ಲಿ ದಿನಕ್ಕೆ 600 ರೂಪಾಯಿಯಂತೆ ಬಿಟ್ಟು ಹೋದೆವು. ಅಲ್ಲಿ ಕಂಡ ಒಳ್ಳೆಯದನ್ನೂ, ಅಲ್ಲಿಂದ ಕರೆತಂದ ಮೇಲೆ ಅನುಭವಿಸಿದ ಕಷ್ಟವನ್ನೂ ಬರೆಯುತ್ತಿದ್ದೇನೆ. ವಸತಿಗೃಹ ನಡೆಸುವವರಿಗೆ ದೂರನ್ನು ಎದುರಿಗೇ ಹೇಳಿರುವುದರಿಂದ ಜಾಗದ ಹೆಸರನ್ನು ಇಲ್ಲಿ ಹಾಕಿಲ್ಲ.

ಈ ಜಾಗವನ್ನು ಆರಿಸಿಕೊಂಡದ್ದಕ್ಕೆ ಕಾರಣ ಅವರ ಮೊದಲ ದೂರವಾಣಿ ಮಾತು. ಅದಕ್ಕೂ ಮೊದಲು ವಿಚಾರಿಸಿದ ಇನ್ನೆರಡು ಕಡೆ ಎಷ್ಟು ದಿನ, ಹಣ ಹೇಗೆ ಕೊಡುತ್ತೀರಿ ಎಂಬೆರಡು ಪ್ರಶ್ನೆಗಳಿಗೇ ಮಾತು ಮುಗಿದಿತ್ತು. ಇವರು ಮಾತ್ರ ಮೊದಲು ಕೇಳಿದ್ದು ಲಸಿಕೆಯ ಪುಸ್ತಕವನ್ನು. ರೇಬೀಸ್ ಲಸಿಕೆ ಹಾಕಿಸಿ ವರ್ಷ ದಾಟಿಲ್ಲವೇ, ಡಿಸ್ಟೆಂಪರ್, ಪಾರ್ವೊ, ಇಲಿಜ್ವರಗಳ ಕೂಡುಲಸಿಕೆ ಆಗಿದೆಯೇ, ಇತ್ತೀಚೆಗೆ ಕೆಮ್ಮು ಭೇದಿ ಏನಾದರೂ ಇತ್ತೇ, ಬೆದೆಗೆ ಬರುವ ಕಾಲವೇ ಎಂದೆಲ್ಲ ಕೇಳಿ, ಪುಸ್ತಕದ ಪುಟಗಳ ಚಿತ್ರ ಕಳಿಸಿದ ಮೇಲೆಯೇ ದಿನಾಂಕ ಕೊಟ್ಟರು. ಚಿಗರಿಯ ಕೂಡುಲಸಿಕೆಯ ಗಡುವು ಮುಗಿಯಲು ಒಂದು ವಾರವಷ್ಟೇ ಉಳಿದಿತ್ತು. ಹೊಸದಾಗಿ ಹಾಕಿಸಿ, ಎರಡು ವಾರ ಕಳೆದ ಮೇಲೆ ಕರೆತನ್ನಿ ಎಂದರು. ಆಗ ಅದು ಕಿರಿಕಿರಿ ಎನಿಸಿದ್ದು ನಿಜ. ಆದರೆ ಹತ್ತಾರು ಮನೆಗಳ ನಾಯಿಗಳು ಬಂದುಹೋಗುವ ಜಾಗದಲ್ಲಿ ಪಾರ್ವೊದಂತಹ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು ಎಂಬುದನ್ನು ನೆನೆದರೆ, ನನ್ನನ್ನು ಕಾಯಿಸಿದವರು ಬೇರೆ ನಾಯಿಗಳ ಮಾಲೀಕರನ್ನೂ ಕಾಯಿಸಿರುತ್ತಾರೆ ಎಂಬ ಸಮಾಧಾನವೇ ದೊಡ್ಡದು.

ನಾನೂ ಅವರಿಗೆ ಒಂದು ಪ್ರಶ್ನೆ ಕೇಳಿದೆ: ಇಲ್ಲಿ ಕೆಲಸ ಮಾಡುವವರು ತಾವು ರೇಬೀಸ್ ಚುಚ್ಚುಮದ್ದು ಹಾಕಿಸಿಕೊಂಡಿದ್ದಾರೆಯೇ? ಕಡಿತಕ್ಕೆ ಮುಂಚೆಯೇ ಹಾಕಿಸಿಕೊಳ್ಳುವ ಲಸಿಕೆಯೊಂದಿದೆ ಎಂಬುದು ನಾಯಿ ಸಾಕುವ ಬಹಳ ಜನರಿಗೆ ಗೊತ್ತಿಲ್ಲ. ದಿನವಿಡೀ ಪರರ ನಾಯಿಗಳ ಬಾಯಿಗೆ ಕೈಹಾಕುವವರಿಗೆ ಅದು ಅಗತ್ಯ, ಏಕೆಂದರೆ ರೋಗ ಕಾಣಿಸಿಕೊಂಡ ಮೇಲೆ ಅದನ್ನು ಗುಣಪಡಿಸುವ ಔಷಧವಿಲ್ಲ. ಮೂವರಲ್ಲಿ ಇಬ್ಬರಿಗೆ ಆಗಿದೆ, ಮೂರನೆಯವನು ಹೊಸಬ ಎಂದರು. ಮೂರನೆಯವನಿಗೂ ಬೇಗ ಹಾಕಿಸಿ ಎಂದು ಹೇಳಿದೆ. ಕಚ್ಚಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕೆಂಬ ಸೂಚನೆ ನಲ್ಲಿಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ದು ನನಗೆ ಮೆಚ್ಚುಗೆಯಾಯಿತು.

ಬಿಡುವ ಮೊದಲು ಒಮ್ಮೆ ನೋಡಿಬರಲು ಹೋದಾಗ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಲೇಬೇಕು. ಹೊರಗಿನ ಗೇಟು ದಾಟಿದರೆ ಒಳಗೆ ಇನ್ನೊಂದು ಗೇಟು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ. ಎರಡರ ನಡುವಿನ ಇಕ್ಕಟ್ಟು ಜಾಗದಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಹುಡುಗ ಮೊಣಕಾಲೂರಿ ಕೂತು, ಚಿಗರಿಯ ಕೊರಳಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ, ಮೆಲ್ಲಗೆ ಕಿವಿಯ ಕಡೆ ಸರಿಸಿದ. ಪಟ್ಟಿ ತಲೆಯ ಮೇಲಿಂದ ಸಲೀಸಾಗಿ ಹೊರಬಂದು ಅವನ ಕೈಯಲ್ಲಿ ಉಳಿಯಿತು. "ಅಕ್ಕಾರ, ಈ ಜಾತಿ ನಾಯಿ ಹಗ್ಗಾ ಹರಕೊಂಡು ಓಡೂದಿಲ್ರಿ, ಕೊರಳಾಗಿಂದ ಜಾರಿಸ್ಕೊಂಡು ಓಡತಾವು" ಎಂದ. ನಾಲ್ಕು ವರ್ಷ ಸಾಕಿದ ನನಗೆ ಅದು ಹೊಳೆದಿರಲಿಲ್ಲ. ಮುಧೋಳ ನಾಯಿಯ ತಲೆ ನೀಳ, ಕುತ್ತಿಗೆ ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಸಾಮಾನ್ಯ ಪಟ್ಟಿ ಅದರ ಮೇಲೆ ನಿಲ್ಲುವುದಿಲ್ಲ. ಎಳೆದಾಗ ಹಿತವಾಗಿ ಬಿಗಿಯಾಗಿ, ಬಿಟ್ಟಾಗ ಸಡಿಲವಾಗುವ ಮಾರ್ಟಿಂಗೇಲ್ ಎಂಬ ಅಗಲ ಪಟ್ಟಿ ಬೇಕು. ಮರುದಿನವೇ ತರಿಸಿಕೊಂಡೆ. ಮೊಲವನ್ನೋ ಬೆಕ್ಕನ್ನೋ ಕಂಡು ಒಮ್ಮೆ ಓಟ ಕಿತ್ತರೆ ಈ ನಾಯಿಯನ್ನು ಹಿಡಿಯುವವರಿಲ್ಲ, ರಸ್ತೆಯ ವಾಹನ ಅದರ ಕಣ್ಣಿಗೆ ಬೀಳುವುದೂ ಇಲ್ಲ. ಈ ಒಂದು ತಿಳಿವಳಿಕೆಗಾಗಿಯೇ ಆ ಹುಡುಗನಿಗೆ ನಾನು ಋಣಿ.

ಒಳಗೆ ಒಟ್ಟು 6 ಕೋಣೆಗಳು. ನೆಲಕ್ಕೆ ಸಿಮೆಂಟು ಬಳಿದು ಹಿಂದಿನ ಚರಂಡಿಯ ಕಡೆ ಇಳಿಜಾರು ಕೊಟ್ಟಿದ್ದರಿಂದ ತೊಳೆದ ನೀರು ನಿಲ್ಲುತ್ತಿರಲಿಲ್ಲ, ವಾಸನೆಯೂ ಇರಲಿಲ್ಲ. ಪ್ರತಿ ಕೋಣೆಯ ಮುಂದೆ ಬೇವಿನ ನೆರಳು. ಗೋಡೆಗಳು ಮಾತ್ರ ಗಿಲಾವು ಇಲ್ಲದ ಒರಟು ಕಲ್ಲಿನವು. ನೋಡಲು ಹಳ್ಳಿಯ ಮನೆಯಂತೆ ಚೆಂದ ಎನಿಸಿ ನಾನು ಅದರ ಚಿತ್ರವನ್ನೂ ತೆಗೆದುಕೊಂಡೆ. ಆ ಗೋಡೆಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಮಲಗಲು ಅವರು ಗೋಣಿತಾಟು ಹಾಸುತ್ತಾರೆ. ಮೈಯಲ್ಲಿ ಕೊಬ್ಬಿಲ್ಲದ, ತೆಳುಚರ್ಮದ ನಾಯಿ ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ ಕೀಲುಗಳ ಮೇಲೆ ಹುಣ್ಣಾಗುತ್ತದೆ. ಹಾಗಾಗಿ ನಮ್ಮತ್ತೆ ಹೊಲಿದ ಹಳೆಯ ಕೌದಿಯನ್ನು ತೊಳೆಯದೆ, ಮನೆಯ ವಾಸನೆಯ ಸಮೇತ ಕೊಟ್ಟುಬಂದೆ. ಹಾಸಿಗೆಯನ್ನು ಬದಲಿಸದೆ ಇಟ್ಟುಕೊಳ್ಳುತ್ತೇವೆಂದು ಮಾತು ಕೊಟ್ಟವರು ಹಾಗೆಯೇ ಇಟ್ಟುಕೊಂಡರು.

ಊಟದ ವಿಷಯದಲ್ಲಿ ಅವರದು ಪ್ರಶಂಸನೀಯ ನಿಯಮ. ಮನೆಯಲ್ಲಿ ಏನು ತಿನ್ನುತ್ತದೆಯೋ ಅದನ್ನೇ ಕೊಡುತ್ತಾರೆ, ಏಕೆಂದರೆ ಜಾಗ ಬದಲಾದ ದಿನವೇ ಆಹಾರವೂ ಬದಲಾದರೆ ಹೊಟ್ಟೆ ಕೆಡುತ್ತದೆ. ಚಿಗರಿಗೆ ಜೋಳದ ನುಚ್ಚು, ಬೇಯಿಸಿದ ಕೋಳಿ, ರಾತ್ರಿ ಒಂದು ಮೊಟ್ಟೆ. ಪ್ರಮಾಣವನ್ನು ಬಟ್ಟಲಿನ ಲೆಕ್ಕದಲ್ಲಿ ಬರೆದುಕೊಂಡರು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗಳಿಗೆ ವಿಷವೆಂಬ ಪಟ್ಟಿ ಅಡುಗೆಮನೆಯಲ್ಲಿತ್ತು. ನಮ್ಮ ಮನೆಗಳಲ್ಲಿ ಒಗ್ಗರಣೆಯ ಸಾರು ಕಲಸಿದ ಅನ್ನವನ್ನು ಪ್ರೀತಿಯಿಂದಲೇ ಹಾಕುವವರಿದ್ದಾರೆ. ಅವರಿಗೂ ಈ ಪಟ್ಟಿ ತಲುಪಬೇಕು.

ದಿನಕ್ಕೊಂದು ಚಿತ್ರ ಕಳಿಸುವುದನ್ನು ಇಂಥ ಜಾಗಗಳೆಲ್ಲ ಮಾಡುತ್ತವೆ, ಇವರೂ ಮಾಡಿದರು. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಆ ಹುಡುಗ ಬರೆದಿಟ್ಟ 40 ಪುಟದ ನೋಟುಪುಸ್ತಕ. ಮೂರನೆಯ ದಿನದ ಸಾಲು ಹೀಗಿತ್ತು: "ಮುಂಜಾನೆ ಉಂಡಿಲ್ಲ. ನೀರು ಎರಡು ಸಲ. ಸಂಜೆ ಅರ್ಧ ಬಟ್ಟಲ. ಹೇಲು ಗಟ್ಟಿ ಅದ. ಕೌದಿ ಮ್ಯಾಲೆ ಮುಖ ಇಟಕೊಂಡು ಮಲಗೇದ." ಐದನೆಯ ದಿನಕ್ಕೆ "ಪೂರ್ತಿ ಉಂಡತಿ, ಬಾಲ ಆಡಿಸಿತು" ಎಂದಿತ್ತು. ಉಂಡದ್ದು, ಕುಡಿದದ್ದು, ವಿಸರ್ಜಿಸಿದ್ದು, ಈ ಮೂರನ್ನು ದಿನವೂ ಬರೆದಿಡುವವರಿಗೆ ಕಾಯಿಲೆಯ ಮೊದಲ ಸುಳಿವು ತಪ್ಪುವುದಿಲ್ಲ. 11 ದಿನಗಳಲ್ಲಿ ಇಳಿದ ತೂಕ 700 ಗ್ರಾಂ. ಮನೆಯವರನ್ನು ಅಗಲಿದ ನಾಯಿಗೆ ಅದು ಹೆಚ್ಚಲ್ಲವೆಂದು ಪಶುವೈದ್ಯರೂ ಹೇಳಿದರು.

ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅರ್ಜಿಯಲ್ಲಿ ವೈದ್ಯರ ಹೆಸರು, ಖರ್ಚಿನ ಮಿತಿ, ಯಾರಿಗೆ ಫೋನು ಮಾಡಬೇಕೆಂಬುದು ಇತ್ತು. ತಳಿಗೆ ಸಂಬಂಧಿಸಿದ ಎಚ್ಚರಿಕೆ ಬರೆಯಲು ಸ್ಥಳವಿರಲಿಲ್ಲ. ಬೇಟೆನಾಯಿಗಳ ಈ ತೆಳುಮೈ ಜಾತಿಗೆ ಥಯೋಪೆಂಟಲ್‌ನಂತಹ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ಅಪಾಯವೂ ಆಗುತ್ತದೆ. ಅದನ್ನು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದು ಸಹಿ ಹಾಕಿದೆ. ಮುಧೋಳ ನಾಯಿಗಳು ನಮ್ಮ ಸೀಮೆಯವೇ ಆಗಿರುವಾಗ, ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇರುವಾಗ, ಇಲ್ಲಿನ ವಸತಿಗೃಹದ ಅರ್ಜಿಯಲ್ಲಿ ಈ ಒಂದು ಸಾಲು ಅಚ್ಚಾಗಿಯೇ ಇರಬೇಕಿತ್ತು.

ಇನ್ನು ಕಷ್ಟದ ಮಾತು. ಕರೆತಂದ ಸಂಜೆ ಕಾಲು ತೊಳೆಯುವಾಗ ಮುಂಗಾಲಿನ ಬೆರಳುಗಳ ಸಂದಿನಲ್ಲಿ ಬೂದುಬಣ್ಣದ, ಹೆಸರುಕಾಳಿನಷ್ಟು ಉಬ್ಬಿದ ಎರಡು ಉಣ್ಣಿಗಳು ಸಿಕ್ಕವು. ಕಿವಿಯ ಮಡಿಕೆಯಲ್ಲಿ ಇನ್ನೂ ಮೂರು ಸಣ್ಣವು. ಚಿಮುಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು, ತಿರುಚದೆ ನೇರವಾಗಿ ಎಳೆದು ತೆಗೆದು ಸ್ಪಿರಿಟಿನಲ್ಲಿ ಹಾಕಿದೆ. ಬೆರಳಿನಿಂದ ಹಿಸುಕುವುದಾಗಲಿ ಸೀಮೆಎಣ್ಣೆ ಬಿಡುವುದಾಗಲಿ ಸರಿಯಲ್ಲ. ಅಲ್ಲಿಗೆ ಮುಗಿಯಿತೆಂದುಕೊಂಡೆ. 12 ದಿನ ಕಳೆದ ಮೇಲೆ ಚಿಗರಿ ನುಚ್ಚನ್ನು ಮೂಸಿ ಬಿಟ್ಟಳು. ಮರುದಿನ ಮೆಟ್ಟಿಲು ಹತ್ತಲಿಲ್ಲ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಅವಳದು 104.2 ಇತ್ತು. ತುಟಿಯೆತ್ತಿ ನೋಡಿದರೆ ಎಂದೂ ಗುಲಾಬಿಯಾಗಿರುತ್ತಿದ್ದ ವಸಡು ಬಿಳಿಚಿತ್ತು, ಅದರ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದವು.

ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 58,000ಕ್ಕೆ ಇಳಿದಿತ್ತು. ಉಣ್ಣಿಯಿಂದ ಹರಡುವ ಎರ್ಲಿಕಿಯೋಸಿಸ್ ಎಂದು ತಿಳಿಯಿತು. ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಪೂರ್ತಿ 28 ದಿನ ಕೊಡಬೇಕೆಂದೂ, ಬರಿಹೊಟ್ಟೆಯಲ್ಲಿ ಕೊಡಬಾರದೆಂದೂ, ಹಾಲು ಮೊಸರಿನೊಂದಿಗೆ ಕೊಟ್ಟರೆ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲವೆಂದೂ ವೈದ್ಯರು ಹೇಳಿದರು. ನಾಲ್ಕನೆಯ ದಿನ ಜ್ವರ ಇಳಿದು ಅವಳು ಎಂದಿನಂತೆ ಬಾಗಿಲ ಬಳಿ ಹೋಗಿ ನಿಂತಾಗ, ಗುಳಿಗೆ ನಿಲ್ಲಿಸಿಬಿಡೋಣವೆಂಬ ಆಸೆ ಮನೆಯಲ್ಲಿ ಎಲ್ಲರಿಗೂ ಬಂತು. ನಿಲ್ಲಿಸಲಿಲ್ಲ. ಅರ್ಧಕ್ಕೆ ಬಿಟ್ಟರೆ ರೋಗ ಮೈಯೊಳಗೇ ಅಡಗಿ ತಿಂಗಳುಗಳ ನಂತರ ಮರಳಿ ಬರಬಹುದು, ಆಗ ಗುಣಪಡಿಸುವುದು ಕಷ್ಟ.

ಈಗ ಆ ಕಲ್ಲುಗೋಡೆಗಳ ಮಾತು. ನಮ್ಮಲ್ಲಿ ನಾಯಿಗಳಿಗೆ ಹತ್ತುವ ಕಂದು ಉಣ್ಣಿ ತನ್ನ ಬದುಕಿನ ಬಹುಪಾಲನ್ನು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ ಕಳೆಯುತ್ತದೆ. ಮರಿಯಾದಾಗ ಒಮ್ಮೆ, ನಡುಹರೆಯದಲ್ಲಿ ಒಮ್ಮೆ, ಬೆಳೆದ ಮೇಲೆ ಒಮ್ಮೆ ರಕ್ತ ಹೀರಲು ಮಾತ್ರ ನಾಯಿಯ ಮೇಲೇರುತ್ತದೆ. ಪ್ರತಿಸಲವೂ ಹೊಟ್ಟೆ ತುಂಬಿದ ಮೇಲೆ ಕಳಚಿಬಿದ್ದು ಸಂದಿಗಳನ್ನು ಹುಡುಕಿಕೊಂಡು ಹೋಗುತ್ತದೆ. ಬೆಳೆದ ಹೆಣ್ಣು ಅಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಆದ್ದರಿಂದ ಗಿಲಾವು ಕಾಣದ ಕಲ್ಲುಗೋಡೆಯ ಕೋಣೆಯಲ್ಲಿ ನೆಲವನ್ನು ದಿನಕ್ಕೆ ಮೂರು ಸಲ ತೊಳೆದರೂ ಉಣ್ಣಿ ಹೋಗುವುದಿಲ್ಲ, ಒಂದು ನಾಯಿ ಹೋಗಿ ಇನ್ನೊಂದು ಬರುವವರೆಗೆ ಅದು ಅಲ್ಲೇ ಕಾದಿರುತ್ತದೆ. ನೆಲ ನೋಡಿ, ಚರಂಡಿ ನೋಡಿ, ಗೇಟು ನೋಡಿ ಮೆಚ್ಚಿದ ನಾನು ಗೋಡೆಯ ಸಂದಿಗೆ ಟಾರ್ಚು ಬಿಟ್ಟು ನೋಡಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ತಿಂಗಳಿಗೊಮ್ಮೆ ಕೊಡುವ ಉಣ್ಣಿಯ ಗುಳಿಗೆಯನ್ನು ಪುಣೆಯಿಂದ ಬಂದ ಮೇಲೆ ಕೊಟ್ಟರಾಯಿತೆಂದು ನಾನು ಮುಂದೂಡಿದ್ದೆ. ಆ ಗುಳಿಗೆ ಕಡಿತವನ್ನು ತಡೆಯುವುದಿಲ್ಲ, ಕಚ್ಚಿ ರಕ್ತ ಹೀರಿದ ಉಣ್ಣಿಯನ್ನು ಕೊಲ್ಲುತ್ತದೆ. ಕೊಟ್ಟಿದ್ದರೂ ರೋಗ ತಪ್ಪುತ್ತಿತ್ತೆಂದು ಖಚಿತವಾಗಿ ಹೇಳಲಾಗದು, ಆದರೆ ಅಪಾಯ ಖಂಡಿತ ಕಡಿಮೆಯಾಗುತ್ತಿತ್ತು. ಲಸಿಕೆಯ ಬಗ್ಗೆ ಅಷ್ಟು ವಿಚಾರಿಸಿದವರು ಉಣ್ಣಿಯ ಔಷಧದ ದಿನಾಂಕವನ್ನು ಕೇಳದೆ ಹೋದದ್ದು ಅವರ ಕೊರತೆ. ಕೇಳದಿದ್ದರೂ ಕೊಡಬೇಕಾದದ್ದು ನನ್ನ ಕರ್ತವ್ಯವಾಗಿತ್ತು.

ವರದಿಯನ್ನು ಹಿಡಿದು ಹೋದಾಗ ನಡೆಸುವವರು ವಾದಕ್ಕಿಳಿಯಲಿಲ್ಲ. ನಮ್ಮ ನಾಯಿಯ ಜೊತೆಗಿದ್ದ ಉಳಿದ ನಾಯಿಗಳ ಮನೆಗಳಿಗೆ ನನ್ನೆದುರಿಗೇ ಫೋನು ಮಾಡಿ ಮೈ ತಡವಿ ನೋಡಿರೆಂದು ಹೇಳಿದರು. "ಗ್ವಾಡಿ ಗಿಲಾವು ಮಾಡಸ್ತೀನ್ರಿ ಅಕ್ಕಾರ, ಒಮ್ಮೆಲೆ ಆರೂ ಆಗೂದಿಲ್ಲ, ಎರಡೆರಡು ಮಾಡಕೋತ ಹೋಗತೀನಿ" ಎಂದರು. ಚಿಕಿತ್ಸೆಯ ಖರ್ಚಿನಲ್ಲಿ ಪಾಲು ಕೊಡಲು ಮುಂದಾದರೂ ಗುಳಿಗೆ ತಪ್ಪಿಸಿದ ನಾನು ತೆಗೆದುಕೊಳ್ಳಲಿಲ್ಲ. ಕಳೆದ ವಾರ ಹೋಗಿ ನೋಡಿದೆ: ಎರಡು ಕೋಣೆಗಳ ಗೋಡೆ ನೆಲದಿಂದ ಮಾಡಿನವರೆಗೆ ನುಣುಪಾಗಿದೆ, ಮೂಲೆಗಳನ್ನೂ ಸಿಮೆಂಟಿನಿಂದ ದುಂಡಗೆ ಮುಚ್ಚಿದ್ದಾರೆ. ಉಳಿದ ನಾಲ್ಕು ಹಾಗೆಯೇ ಇವೆ. ಅರ್ಜಿಯಲ್ಲಿ ಉಣ್ಣಿಯ ಔಷಧ ಕೊಟ್ಟ ದಿನಾಂಕ ಬರೆಯಲು ಹೊಸ ಸಾಲು ಸೇರಿದೆ, ಮೂರನೆಯ ಹುಡುಗನಿಗೂ ಚುಚ್ಚುಮದ್ದು ಆಗಿದೆ.

ದೀಪಾವಳಿಯ ಮೂರು ದಿನ ಪಟಾಕಿಯ ಸದ್ದಿಗೆ ಚಿಗರಿ ಮಂಚದ ಕೆಳಗಿನಿಂದ ಹೊರಗೇ ಬರುವುದಿಲ್ಲ, ನೀರು ಸಹ ಕುಡಿಯುವುದಿಲ್ಲ. ಊರಿನಿಂದ ದೂರವಿರುವ ಆ ಜಾಗ ಅವಳಿಗೆ ನೆಮ್ಮದಿಯದು, ನೋಡಿಕೊಳ್ಳುವ ಹುಡುಗನ ದನಿ ಕೇಳಿದರೆ ಈಗಲೂ ಕಿವಿ ನಿಮಿರಿಸುತ್ತಾಳೆ. ಬರುವ ದೀಪಾವಳಿಗೆ ಗಿಲಾವು ಆದ ಎರಡು ಕೋಣೆಗಳಲ್ಲಿ ಒಂದು ಖಾಲಿ ಇದ್ದರೆ ಮಾತ್ರ ಅವಳನ್ನು ಬಿಡುತ್ತೇನೆ, ಇಲ್ಲವಾದರೆ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ, 500 ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ.